ಕೇಳದೇ ಕೊಟ್ಟ ಕೊಸರು

ನಂಜನಗೂಡಿನಲ್ಲಿರುವ ನನ್ನ ಸೋದರತ್ತೆಯ ಪುರಿ, ಅಂದರೆ ಮಂಡಕ್ಕಿ, ಹುರಿಯುವ ಭಟ್ಟಿಯೊಳಗೆ ಬೆಳಗ್ಗೆ ಏಳು ಗಂಟೆಗೆ ಹೋಗಿ ನಿಂತರೆ ಎದುರಿನ ಗೋಡೆ ಕಾಣುವುದಿಲ್ಲ. ಭತ್ತದ ಹೊಟ್ಟಿನ ಹೊಗೆ, ಕಾದ ಮರಳಿನಿಂದೇಳುವ ಉಪ್ಪುನೀರಿನ ಆವಿ, ಮಾಡಿನ ಗಾಜಿನ ಹೆಂಚಿನಿಂದ ಇಳಿಯುವ ಬೆಳಕು ಎಲ್ಲ ಸೇರಿ ಹಾಲಿನಂಥ ಮಬ್ಬು ಕಟ್ಟಿಕೊಂಡಿರುತ್ತದೆ. ಅದರೊಳಗೆ ಅತ್ತೆಯ ಕೈ ಮಾತ್ರ ಕಾಣುತ್ತದೆ. ಒಂದು ಬೊಗಸೆ ಅಕ್ಕಿ ಬಾಣಲೆಯ ಮರಳಿಗೆ ಬೀಳುತ್ತದೆ. ಒಂದು ಗಳಿಗೆ ಏನೂ ಆಗುವುದಿಲ್ಲ. ಆಮೇಲೆ ಕಪ್ಪು ಮರಳೆಲ್ಲ ಒಮ್ಮೆಗೇ ಬೆಳ್ಳಗೆ ಅರಳಿಕೊಳ್ಳುತ್ತದೆ. ಯಾರೋ ದೂರದಲ್ಲಿ ತರಗೆಲೆಯ ಮೇಲೆ ಓಡಿಹೋದ ಹಾಗೆ ಸದ್ದು.

ಇದನ್ನು ನಾನು ದಿನಚರಿಯಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಹಿಂದಿನ ಪುಟಗಳನ್ನು ತಿರುವಿ ನೋಡಿದರೆ ಒಂದು ಕಡೆ ಹೊಗೆ ನೀಲಿಯಾಗಿದೆ, ಇನ್ನೊಂದು ಕಡೆ ಬೂದಿ ಬಣ್ಣದ್ದಾಗಿದೆ. ಯಾವುದನ್ನು ಕಂಡೆ, ಯಾವುದು ಬರೆಯುವಾಗ ಬಂದು ಸೇರಿಕೊಂಡಿತು ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ನಾನಿರುವುದು ತಿ. ನರಸೀಪುರದಲ್ಲಿ. ನಂಜನಗೂಡನ್ನು ಹಾದು ಬರುವ ಕಪಿಲೆ ನಮ್ಮೂರಿನಲ್ಲಿ ಕಾವೇರಿಗೆ ಸೇರುತ್ತದೆ. ಅತ್ತೆಯ ಊರು ನೋಡಿದ ನೀರನ್ನು ನಾನು ಆಮೇಲೆ ನೋಡುತ್ತೇನೆ, ಅಷ್ಟರಲ್ಲಿ ಅದರ ಬಣ್ಣ ಬದಲಾಗಿರುತ್ತದೆ ಎಂಬ ಯೋಚನೆ ಬಸ್ಸಿನ ಕಿಟಕಿಯ ಪಕ್ಕ ಕೂತಾಗಲೆಲ್ಲ ಬರುತ್ತದೆ. ವಿಶ್ವವಿದ್ಯಾಲಯದಲ್ಲಿ ಓದಿದ್ದು ಇತಿಹಾಸ. ಕೈಗೆ ಹತ್ತಿದ ಕೆಲಸ ಬೇರೆ. ಸಣ್ಣ ಅಂಗಡಿಗಳವರಿಗೆ ಬೋರ್ಡಿನ ಮಾತು, ಪ್ಯಾಕೆಟ್ಟಿನ ಮೇಲಿನ ಮಾತು, ಹಬ್ಬಕ್ಕೆ ಗಿರಾಕಿಗಳ ಫೋನಿಗೆ ಕಳಿಸುವ ನಾಲ್ಕು ಸಾಲು ಬರೆದುಕೊಡುತ್ತೇನೆ. ‘ಬ್ರ್ಯಾಂಡ್ ಎಕ್ಸ್‌ಪೀರಿಯೆನ್ಸ್’ ಎನ್ನುವ ಮಾತು ಮೈಸೂರಿನಿಂದ ಹೊರಟು ನಮ್ಮ ಕಡೆಗೂ ಬಂದು ಕೆಲವು ವರ್ಷಗಳಾದವು. ನಮ್ಮೂರಿನ ಬೇಕರಿಯವರೊಬ್ಬರು ಅದನ್ನು ನನಗಿಂತ ಚೆನ್ನಾಗಿ ಬಿಡಿಸಿ ಹೇಳಿದ್ದರು: “ಮೇಡಂ, ಗಿರಾಕಿ ಮನೆಗೋಗಿ ಮಲಗುದ್ಮೇಲೂ ನಮ್ ಬನ್ನು ಕನಸಲ್ಲಿ ಬರ್ಬೇಕು ಕಣ್ರೀ. ಅಂಗೆ ಏನಾರ ಬರ್ದ್‌ಕೊಡಿ.”

ತನ್ನ ನೆನಪನ್ನೇ ನಂಬದವಳು ಇನ್ನೊಬ್ಬರಿಗೆ ನೆನಪು ಮಾಡಿಕೊಡುವ ಕೆಲಸಕ್ಕೆ ಹೇಗೆ ಬಂದೆನೋ. ಬಂದದ್ದಂತೂ ನಿಜ. ಅತ್ತೆಯೂ ಆ ಕೆಲಸಕ್ಕೇ ನನ್ನನ್ನು ಕರೆದರು.

ಅತ್ತೆ ಗಂಡನನ್ನು ಕಳೆದುಕೊಂಡ ಮೇಲೆ ತವರಿಗೆ ಬಂದು, ಅವರಪ್ಪ, ಅಂದರೆ ನನ್ನ ತಾತ, ನಡೆಸುತ್ತಿದ್ದ ಭಟ್ಟಿಯನ್ನೇ ನಡೆಸಿಕೊಂಡು ಬಂದವರು. ಹಿಂದಿನ ಕೋಣೆ ಭಟ್ಟಿ, ರಸ್ತೆಗೆ ಮುಖ ಮಾಡಿದ ಕೋಣೆ ಅಂಗಡಿ. ದೇವಸ್ಥಾನಕ್ಕೆ ಬಂದವರು ವಾಪಸು ಹೋಗುವಾಗ ಒಂದು ಸೇರು, ಎರಡು ಸೇರು ಪುರಿ ಕೊಳ್ಳುತ್ತಿದ್ದರು. ಎರಡು ವರ್ಷದ ಹಿಂದೆ ಅದೇ ರಸ್ತೆಯಲ್ಲಿ ಮೆರುಗಿನ ಪ್ಯಾಕೆಟ್ಟುಗಳ ಒಂದು ಅಂಗಡಿ ಬಂತು. ಕಾರಿನಲ್ಲಿ ಬಂದವರು ಅತ್ತೆಯ ಬಿಡಿ ಪುರಿಯ ರಾಶಿಯನ್ನು ನೋಡಿ ಮುಂದಕ್ಕೆ ಹೋಗತೊಡಗಿದರು.

“ಊರಿಗೆಲ್ಲ ಬರ್ದುಕೊಡ್ತೀಯ. ನನ್ನ ಪುರಿಗೂ ಒಂದು ಹೆಸರು ಮಾಡ್ಕೊಡು ಮಗಾ” ಅಂದರು ಅತ್ತೆ.

ಬರೆಯಲು ನನಗೆ ಕಷ್ಟವೇ ಆಗಲಿಲ್ಲ. ಎಲ್ಲವೂ ಆಗಲೇ ಒಳಗಿತ್ತು. ನನಗೆ ಆರು ವರ್ಷವಿರಬಹುದು. ತಾತ ಹಿತ್ತಾಳೆಯ ಸೇರಿನಲ್ಲಿ ಪುರಿ ಅಳೆಯುತ್ತಿದ್ದಾರೆ. ನಮ್ಮ ಕಡೆ ಅಳೆಯುವವರು ಮೊದಲ ಸೇರಿಗೆ ‘ಒಂದು’ ಅನ್ನುವುದಿಲ್ಲ, ‘ಲಾಭ’ ಅನ್ನುತ್ತಾರೆ. ಲಾಭ, ಎರಡು, ಮೂರು ಎಂದು ಎಣಿಕೆ ಸಾಗುತ್ತದೆ. ಅಳತೆಯೆಲ್ಲ ಮುಗಿದ ಮೇಲೆ ಒಂದು ಕೈ ರಾಶಿಯೊಳಗೆ ಇಳಿದು ಹಿಡಿ ಪುರಿ ತುಂಬಿಕೊಂಡು ಮೇಲೇಳುತ್ತದೆ. ಅದು ಕೊಸರು, ಅಳತೆಯ ಮೇಲೆ ಗಿರಾಕಿಗೆ ಹಾಕುವ ಹೆಚ್ಚಿನ ಹಿಡಿ. ಆ ಕೈ ನನ್ನ ಕಡೆ ತಿರುಗಿ ನನ್ನ ಲಂಗದ ಮಡಿಲಿಗೂ ಪುರಿ ಸುರಿಯುತ್ತದೆ. ಪುರಿ ಇನ್ನೂ ಬೆಚ್ಚಗಿದೆ. ಬಟ್ಟೆಯ ಮೂಲಕ ತೊಡೆಗೆ ಅದರ ಶಾಖ ತಾಗುತ್ತಿದೆ.

ಹೀಗೆ ಬರೆದೆ: ‘ನಮ್ಮ ತಾತ ಅಳೆಯುವಾಗ ಒಂದು ಎನ್ನುತ್ತಿರಲಿಲ್ಲ, ಲಾಭ ಎನ್ನುತ್ತಿದ್ದರು. ಕೊನೆಯಲ್ಲಿ, ಯಾರೂ ಕೇಳದೆಯೇ, ಒಂದು ಹಿಡಿ ಕೊಸರು ಹಾಕುತ್ತಿದ್ದರು. ಆ ಹಿಡಿ ಈ ಪ್ಯಾಕೆಟ್ಟಿನಲ್ಲೂ ಇದೆ.’ ಮಾತು ಸುಳ್ಳಾಗಬಾರದಲ್ಲ, ಅದಕ್ಕೆ ಪ್ರತಿ ಪ್ಯಾಕೆಟ್ಟಿನೊಳಗೆ ಬೆಣ್ಣೆ ಕಾಗದದ ಪುಟ್ಟ ಪೊಟ್ಟಣವೊಂದನ್ನು ಇಡಿಸಿದೆ. ಅದರ ಮೇಲೆ ‘ಕೊಸರು’ ಎಂದು ಅಚ್ಚು ಹಾಕಿಸಿದೆ. ಬಿಡಿ ಮಾರಾಟ ನಿಲ್ಲಿಸಿ, ಎಲ್ಲರಿಗೂ ಒಂದೇ ಥರದ ಪ್ಯಾಕೆಟ್ಟು ಕೊಡಿ ಎಂದೂ ನಾನೇ ಹೇಳಿದೆ. ಸೇರನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಹೊಳಪು ಮಾಡಿ, ಗಿರಾಕಿಗೆ ಕಾಣುವಂತೆ ಗೋಡೆಯ ಗೂಡಿನಲ್ಲಿಟ್ಟೆವು.

ಅಚ್ಚಾಗಿ ಬಂದ ಮೊದಲ ಪ್ಯಾಕೆಟ್ಟನ್ನು ಅತ್ತೆ ಮೂರು ಸಲ ಓದಿದರು. “ಚೆನ್ನಾಗದೆ” ಅಂದವರು ಬಾಣಲೆಯ ಕಡೆ ತಿರುಗಿಬಿಟ್ಟರು. ಕಣ್ಣು ತುಂಬಿರಬೇಕು ಅಂದುಕೊಂಡೆ. ಆ ದಿನ ದಿನಚರಿಯಲ್ಲೂ ಹಾಗೇ ಬರೆದಿದ್ದೇನೆ.

ಕಾರಿನವರು ನಿಂತರು. ಪೊಟ್ಟಣ ಬಿಚ್ಚಿ ಕೊಸರನ್ನು ಮಕ್ಕಳ ಕೈಗೆ ಸುರಿದು ಫೋಟೊ ತೆಗೆದುಕೊಂಡರು. ನನಗಂತೂ ನೆಲದ ಮೇಲೆ ಕಾಲು ನಿಲ್ಲದ ಹಾಗಾಗಿತ್ತು. ನನ್ನ ಆರನೇ ವಯಸ್ಸಿನ ಒಂದು ಬೆಳಗು ಊರೂರಿಗೆ ಹೋಗುತ್ತಿದೆಯಲ್ಲ ಎಂದು ವಾಪಸಿನ ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆ.

ಮೂರನೇ ವಾರ ದೇವನೂರಿನ ಅಜ್ಜಿ ಬಂದರು.

ಈ ಅಜ್ಜಿ ಅಂಗಡಿಗೆ ಬರುವ ಗಿರಾಕಿಗಳಲ್ಲಿ ತುಂಬ ಹಳಬರು. ಅವರದ್ದೂ ವ್ಯಾಪಾರವೇ. ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು ಎರಡು ದೊಡ್ಡ ಮೂಟೆ ಪುರಿ ತೆಗೆದುಕೊಂಡು ಹೋಗಿ, ದೇವನೂರಿನ ಸುತ್ತಿನ ಊರುಗಳಲ್ಲಿ ಕುಕ್ಕೆಯಲ್ಲಿ ಹೊತ್ತು ಮಾರುತ್ತಾರೆ. ಅತ್ತೆ ಲಂಗ ಹಾಕುತ್ತಿದ್ದ ಕಾಲದಿಂದ ಇದೇ ಭಟ್ಟಿ. ನನ್ನ ಮಾತು ಕೇಳಿ ಅತ್ತೆ ಅವರಿಗೂ ಮೂಟೆಯ ಬದಲು ಪ್ಯಾಕೆಟ್ಟುಗಳ ದೊಡ್ಡ ಕಟ್ಟು ಕೊಟ್ಟಿದ್ದರು. ಅಜ್ಜಿ ಹಿಂದಿನ ವಾರ ಅದನ್ನು ಒಯ್ದಿದ್ದರು. ಈಗ ಕಟ್ಟು ಹೆಚ್ಚುಕಡಿಮೆ ಹಾಗೆಯೇ ಅವರ ಜೊತೆ ವಾಪಸು ಬಂದಿತ್ತು.

“ಯಾರವ್ವ ಇದ ಬರ್ದೋರು?” ಅಂದರು ಅಜ್ಜಿ, ಒಂದು ಪ್ಯಾಕೆಟ್ಟನ್ನು ಎತ್ತಿ ಹಿಡಿದು.

ಅತ್ತೆ ಗದ್ದದಲ್ಲೇ ನನ್ನ ಕಡೆ ತೋರಿಸಿದರು.

“ನೀನಾ? ನೋಡುದ್ರೆ ಓದ್ದೋಳಂಗಿದ್ದೀಯ. ನಿಮ್ ತಾತನ್ನ ಕಂಡಿದ್ಯಾ ನೀನು?”

“ಕಂಡಿದ್ದೀನಿ ಅಜ್ಜಿ. ನಾನು ಚಿಕ್ಕವಳಿದ್ದಾಗ ಇಲ್ಲೇ…”

“ಕೇಳ್ದೆ ಕೊಸರು ಆಕ್ತಿದ್ನಾ ಅವ್ನು? ಅಯ್ಯೋ ನನ್ ಸಿವನೇ! ಆ ಮನ್ಸನ್ ಕೈಯಿಂದ ಒಂದ್ ಕಾಳ್ ಉದುರ್‌ಬೇಕಾದ್ರೆ ನಾನ್ ಅರ್ಧ ಗಂಟೆ ಬಾಯ್ ಬಡ್ಕಬೇಕಾಗಿತ್ತು. ‘ಸಾವ್ಕಾರ್ರೇ, ಒಂದಿಡಿ ಆಕಿ’ ಅಂದ್ರೆ ‘ಓಗಮ್ಮಿ, ನಿಮ್ಮಪ್ಪ ನೆಟ್ಟಿದ್ ಬತ್ತನಾ’ ಅನ್ನನು. ನಾನೂ ಬುಡ್ತಿರ್ನಿಲ್ಲ. ನೀವ್ ಸತ್ತಾಗ ಮೂಟೆ ಜೊತ್ಗೆ ಕಳುಸ್ತರಾ ಅನ್ನೇನು. ಆಮ್ಯಾಕೆ ಒಂದಿಡಿ ಆಕನು. ನಾನ್ ಇನ್ನೊಂದಿಡಿ ಕಿತ್ಕಳೇನು.”

ಬೆಂಚಿನ ಮೇಲೆ ಕೂತಿದ್ದ ಒಬ್ಬರು ನಕ್ಕರು. ಅಜ್ಜಿ ಅವರ ಕಡೆ ತಿರುಗಿ, “ನಗಿ ನಗಿ, ಬಸ್ಸಲ್ಲೂ ಇಂಗೇ ನಕ್ರು” ಅಂದು ನನ್ನತ್ತ ಬಂದರು.

“ನಂಗ್ ಓದಕ್ ಬರಕಿಲ್ಲ. ಕಂಡಕ್ಟ್ರು ಇದ ಜೋರಾಗ್ ಓದ್ಬುಟ್ಟ. ಬಸ್ಸಲ್ಲಿರೋರೆಲ್ಲ ನಮ್ಮೋರೇ. ‘ಏನಜ್ಜಿ, ಸಾವ್ಕಾರ ಕರ್ದು ಕರ್ದು ಕೊಡ್ತಿದ್ನಂತೆ, ನೀನ್ ನೋಡುದ್ರೆ ಜಗ್ಳ ಆಡಿ ಈಸ್ಕಂಬಂದೆ ಅಂತ ಕತೆ ಕಟ್ತಿದ್ದೆ’ ಅಂದ್ರು. ನಲವತ್ ವರ್ಸ ಕಣವ್ವ. ‘ನಂಜನಗೂಡಿನ್ ಜುಗ್ಗನ್ ತಾವ ಜಗ್ಳ ಆಡಿ ತಂದಿವ್ನಿ, ತಕಳ್ರವ್ವ’ ಅಂತ ಯೋಳ್ಕಂಡೇ ನಾನ್ ಪುರಿ ಮಾರಿರದು. ಅವ್ನ್ ಸತ್ ಮ್ಯಾಕೂ ಇವ್ಳ್ ತಾವ ಅದೇ ಜಗ್ಳ. ಆ ಜಗ್ಳ ಕೇಳಕ್ಕೇ ಎಂಗಸ್ರು ಬಾಗ್ಲಿಗೆ ಬರದು. ಈಗ ನಾನ್ ಸುಳ್ಳಿ ಆಗೋದ್ನಲ್ಲ!”

ಅಜ್ಜಿ ಪ್ಯಾಕೆಟ್ಟು ಹರಿದು ಒಳಗಿನ ಪುಟ್ಟ ಪೊಟ್ಟಣವನ್ನು ಎರಡು ಬೆರಳಲ್ಲಿ ಎತ್ತಿದರು.

“ಇದೇನು?”

“ಕೊಸರು, ಅಜ್ಜಿ.”

“ಕಟ್ಟಿಟ್‌ಮ್ಯಾಕೆ ಇದು ತೂಕ ಕಣವ್ವ. ಕೊಸರೆಂಗಾದದು? ಇದ್ನೂ ನೀನೇ ಕಟ್ಬುಟ್ರೆ ನಾನ್ ಬಾಗ್ಲಲ್ ನಿಂತಿರೋ ಮಕ್ಕಳ್ ಬೊಗ್ಸೆಗೆ ಏನ್ ಆಕ್ಲಿ?”

ಕಟ್ಟನ್ನು ಅಂಗಡಿಯ ಕಟ್ಟೆಯ ಮೇಲಿಟ್ಟು ಖಾಲಿ ಕೈಯಲ್ಲಿ ಹೊರಟುಹೋದರು. ಹೊಗೆಯಿಂದ ಬಿಸಿಲಿಗೆ ಇಳಿದ ಅವರ ಬೆನ್ನು ಬೆಳಕಿನಲ್ಲಿ ಕರಗಿದ ಹಾಗೆ ಕಂಡಿತು. ಅತ್ತೆ ಅವರನ್ನು ಕೂಗಲಿಲ್ಲ.

ಮುಂದಿನ ವಾರ ಅಜ್ಜಿ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಅವರು ಬರುವ ದಿನ ಅತ್ತೆ ಬೆಳಗ್ಗೆಯೇ ಎರಡು ಮೂಟೆಯಷ್ಟು ಹುರಿದಿಟ್ಟು, ದೇವನೂರಿಗೆ ವಾಪಸು ಹೋಗುವ ಹನ್ನೊಂದರ ಬಸ್ಸು ಹೋದ ಮೇಲೆ ಮೂಟೆಗಳನ್ನು ಒಳಗೆ ಎಳೆದುಕೊಳ್ಳುತ್ತಿದ್ದರು. ಪುರಿಗೆ ಭಾರವೇ ಇಲ್ಲ. ಆದರೂ ಅವರು ಎಳೆಯುವುದನ್ನು ನೋಡಿದರೆ ಒಳಗೆ ಕಲ್ಲು ತುಂಬಿದೆ ಅನ್ನಿಸುತ್ತಿತ್ತು.

ಅಜ್ಜಿ ಬಾರದ ನಾಲ್ಕನೆಯ ವಾರ ಕೇಳಿಯೇಬಿಟ್ಟೆ. “ಅತ್ತೆ, ತಾತ ನಿಜವಾಗ್ಲೂ ಕೇಳದೆ ಕೊಸರು ಹಾಕ್ತಿರಲಿಲ್ವಾ?”

“ಅಪ್ಪನಾ? ಉಗುರು ಕತ್ತರಿಸಿದ್ರೂ ಎಣಿಸಿ ಇಟ್ಕೊಳ್ಳೋರು.”

“ಮತ್ತೆ ಓದಿದಾಗ ಹೇಳಬಹುದಿತ್ತಲ್ಲ!”

ಅತ್ತೆ ಜರಡಿಯಲ್ಲಿ ಮರಳು ಜಾಡಿಸುತ್ತಿದ್ದವರು ನಿಲ್ಲಿಸಿದರು. “ಅಷ್ಟು ಚೆಂದಾಗಿ ಬರ್ದಿದ್ದೆ ಕಣೇ. ಓದ್ತಾ ಓದ್ತಾ, ಅಪ್ಪ ಹಂಗೇ ಇದ್ದಿದ್ರೆ ಅನ್ನಿಸ್ತು. ಇದ್ರೇನೋ ಅಂತಾನೂ ಅನ್ನಿಸ್ತು. ಆಮೇಲೆ ಏನು ಹೇಳೋದು?”

“ಆದರೆ ನನ್ನ ಮಡಿಲಿಗೆ ಹಾಕಿದ್ದು…”

“ಅದು ಆ ಯಮ್ಮನೇ ಇರಬೇಕು. ಅಪ್ಪನ ಹತ್ರ ಕಿತ್ಕೊಂಡಿದ್ರಲ್ಲಿ ನಿನಗೆ ಒಂದಿಷ್ಟು ಸುರಿಯೋಳು. ಅಪ್ಪ ಉರ್ಕೊಳ್ಳೋರು, ನನ್ನ ಮೊಮ್ಮಗಳಿಗೆ ನನ್ನ ಪುರೀನೇ ದಾನ ಮಾಡ್ತಾಳೆ ಅಂತ.”

ಊರಿಗೆ ಬಂದು ಹಳೆಯ ನೋಟ್‌ಬುಕ್ಕುಗಳನ್ನು ಹುಡುಕಿದೆ. ಶಾಲೆಯಲ್ಲಿ ರಜೆಯ ದಿನಚರಿ ಬರೆಸುತ್ತಿದ್ದರು, ಅದನ್ನೊಂದು ಇಟ್ಟುಕೊಂಡಿದ್ದೆ. ದಪ್ಪ ಅಕ್ಷರದಲ್ಲಿ ಒಂದು ಸಾಲು ಸಿಕ್ಕಿತು: ‘ತಾತನ ಅಂಗಡಿಗೆ ಹೋದೆ. ಬಿಸಿ ಪುರಿ ಕೊಟ್ಟರು.’ ಅಷ್ಟೇ. ನಮ್ಮ ಮನೆಯಲ್ಲಿ ಮಕ್ಕಳು ದೊಡ್ಡವರೆಲ್ಲರಿಗೂ ಬಹುವಚನ ಹಚ್ಚಿ ಮಾತಾಡಬೇಕಿತ್ತು. ಹಾಗಾಗಿ ‘ಕೊಟ್ಟರು’ ಎಂಬಲ್ಲಿ ಗಂಡಸೂ ಕೂರಬಹುದು, ಹೆಂಗಸೂ ಕೂರಬಹುದು. ಇಷ್ಟು ವರ್ಷ ಆ ಜಾಗದಲ್ಲಿ ನಾನು ತಾತನನ್ನು ಕೂರಿಸಿದ್ದೆ. ಆ ಕೈಯನ್ನು ಮತ್ತೆ ನೋಡಲು ಪ್ರಯತ್ನಪಟ್ಟೆ. ಅತ್ತೆ ಹೇಳಿದ ಮೇಲೆ ಅದಕ್ಕೆ ಹಸಿರು ಗಾಜಿನ ಬಳೆಗಳೂ ಬಂದುಬಿಟ್ಟವು. ನಿಜಕ್ಕೂ ಬಳೆ ಇತ್ತೋ, ಕೇಳಿದ್ದಕ್ಕೆ ಬಂತೋ, ಅದನ್ನೂ ನಂಬುವ ಹಾಗಿಲ್ಲ. ಇತಿಹಾಸದ ವಿದ್ಯಾರ್ಥಿನಿಯಾಗಿ ಆಧಾರ ಕೇಳದೆ ಒಂದು ಸಾಲೂ ಬರೆಯಬಾರದೆಂದು ಕಲಿತವಳು, ಸಾವಿರ ಪ್ಯಾಕೆಟ್ಟಿನ ಮೇಲೆ ಅಚ್ಚು ಹಾಕಿಸುವ ಮುಂಚೆ ಎದುರಿಗಿದ್ದ ಅತ್ತೆಯನ್ನು ಒಂದು ಮಾತು ಕೇಳಲಿಲ್ಲ.

ಮತ್ತೆ ನಂಜನಗೂಡಿಗೆ ಹೋದಾಗ ಅತ್ತೆ ಅರ್ಧ ಹೊತ್ತಿಗೇ ಬೆಂಕಿ ತಗ್ಗಿಸಿ ಕೂತಿದ್ದರು.

“ಅವಳು ಬರ್ಲಿಲ್ಲ ಅಂದ್ರೆ ಯುಗಾದಿಗೆ ಭಟ್ಟಿ ಆರಿಸಿಬಿಡ್ತೀನಿ” ಅಂದರು.

“ಪ್ಯಾಕೆಟ್ಟು ಹೋಗ್ತಾ ಇದೆಯಲ್ಲ ಅತ್ತೆ.”

“ಹೋಗ್ತದೆ. ಬೆಳಗಿಂದ ಸಂಜೆಗಂಟ ಎಷ್ಟೋ ಜನ ಬರ್ತಾರೆ, ತಗೋತಾರೆ, ಫೋಟೊ ಹಿಡ್ಕೋತಾರೆ. ಯಾರೂ ಒಂದು ಮಾತು ಆಡಲ್ಲ. ಅಪ್ಪ ಸತ್ತು ಇಷ್ಟು ವರ್ಷ ಆಯ್ತು, ಅಪ್ಪನ್ನ ಬಯ್ಯೋಳು ಅಂತ ಇದ್ದಿದ್ದು ಅವಳೊಬ್ಬಳೇ ಕಣೇ. ಅವಳು ಬಂದು ಬೈದು ಹೋದ ದಿನ ಅಪ್ಪ ಇಲ್ಲೇ ಎಲ್ಲೋ ಹೊಟ್ಟು ತರಕ್ಕೆ ಹೋಗವ್ರೆ ಅನ್ನಿಸೋದು.”

ನಾನು ದೇವನೂರಿನ ಬಸ್ಸು ಹತ್ತಿದೆ.

ಆ ಪ್ರಯಾಣ ನನಗೆ ಕನಸಿನಂತೆ ನೆನಪಿದೆ. ನಾಲೆಯ ನೀರು ಇದ್ದ ಕಡೆ ಗದ್ದೆ, ಇಲ್ಲದ ಕಡೆ ಹುರುಳಿ ಕಿತ್ತ ಬೋಳು ಹೊಲ. ಬಿಸಿಲಿನ ಝಳದಲ್ಲಿ ರಸ್ತೆಯ ಮುಂದೆ ನೀರು ನಿಂತಂತೆ ಕಾಣುವುದು, ಬಸ್ಸು ಹತ್ತಿರ ಹೋದರೆ ಮುಂದಕ್ಕೆ ಸರಿಯುವುದು. ಅಜ್ಜಿ ಮನೆಯ ಜಗಲಿಯ ಮೇಲೆ ಕಾಲು ಚಾಚಿ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಬೇರೆ ಯಾವುದೋ ಭಟ್ಟಿಯ ಪುರಿ ಮೂಟೆ.

“ತಪ್ಪಾಯ್ತು ಅಜ್ಜಿ” ಅಂದೆ.

“ಬಾಯಲ್ ಯೋಳುದ್ರೆ ಆದದಾ? ಬರ್ದಿದ್ದ ಬರ್ದೇ ಅಳುಸ್ಬೇಕು.” ಕೂತುಕೋ ಎಂಬಂತೆ ಜಗಲಿಯನ್ನು ಸೆರಗಿನಿಂದ ಒರೆಸಿದರು.

“ಅಲ್ಲಿ ಪುರಿ ಚೆನ್ನಾಗಿದೆಯಾ?” ಎಂದು ಮೂಟೆ ತೋರಿಸಿದೆ.

“ಪುರಿಗೇನು, ಎಲ್ಲ ಪುರಿನೂ ಬೆಳ್ಳಗೇ ಇರ್ತದೆ. ಆ ಮನ್ಸ ಕೇಳುದ್ ತಕ್ಷಣ ಕೊಸರು ಆಕ್ಬುಡ್ತನೆ ಕಣವ್ವ. ಇನ್ನೊಂದಿಡಿ ಅಂದ್ರೆ ಇನ್ನೊಂದಿಡಿ. ರುಚಿನೇ ಇಲ್ಲ.” ಇನ್ನೊಂದು ಎಲೆಗೆ ಸುಣ್ಣ ಹಚ್ಚಿದರು. “ಮನೆ ಬಾಗ್ಲಲ್ ನಿಂತ್ಕಂಡು ನಾನ್ ಏನಂತ ಯೋಳ್ಲಿ? ಒಳ್ಳೆ ಮನ್ಸ, ಕೊಟ್ಟ, ತಂದೆ. ಅಷ್ಟಕ್ಕೆ ಯಾರ್ ನಿಂತ್ಕತರೆ?”

ಬೇಕರಿಯವರು ಕನಸಿನಲ್ಲಿ ಬರಬೇಕು ಎಂದು ಕೇಳಿದ್ದನ್ನು ಈ ಅಜ್ಜಿ ನಲವತ್ತು ವರ್ಷದಿಂದ ಬರಿಬಾಯಲ್ಲಿ ಮಾಡಿಕೊಂಡು ಬಂದಿದ್ದರು. ಅವರ ಗಿರಾಕಿಗಳು ಪುರಿಯ ಜೊತೆಗೆ ಆ ವಾರದ ಜಗಳವನ್ನೂ ಕೊಳ್ಳುತ್ತಿದ್ದರು. ನಾನು ನನ್ನ ಮೂರು ಸಾಲಿನಿಂದ ಆ ಜಗಳವನ್ನು ಅವರ ಬಾಯಿಂದ ಕಿತ್ತುಕೊಂಡಿದ್ದೆ.

“ಏನಂತ ಬರೀಲಿ, ನೀವೇ ಹೇಳಿ” ಎಂದು ಪುಸ್ತಕ ತೆರೆದೆ.

“ಬರ್ಕೊ. ಕೊಸರು ಕೇಳ್ಬೇಕು. ಕೇಳುದ್ರೆ ಬಯ್ತರೆ. ಬೈದ್ ಮ್ಯಾಕೆ ಆಕ್ತರೆ.”

“ಅಷ್ಟೇ ಸಾಕಾ?”

“ಇನ್ನೇನ್ ಬೇಕು ನಿಂಗೆ, ರಾಮಾಯ್ಣನಾ?”

ಬರುತ್ತೀರಾ ಎಂದು ಕೇಳಿದ್ದಕ್ಕೆ “ಬಸ್ ಬತ್ತದೆ ಓಗು” ಅಂದರು.

ನರಸೀಪುರದ ಅಚ್ಚಿನ ಅಂಗಡಿಯಲ್ಲಿ ಸ್ಟಿಕ್ಕರ್ ಮಾಡಿಸಿದೆ. ‘ಕೊಸರು ಕೇಳಬೇಕು. ಕೇಳಿದರೆ ಬೈಯುತ್ತೇವೆ. ಬೈದ ಮೇಲೆ ಹಾಕುತ್ತೇವೆ.’ ಅಚ್ಚಿನವರು ಕನ್ನಡಕ ಸರಿಮಾಡಿಕೊಂಡು, “ಮೇಡಂ, ಇದೇನಾರ ತಪ್ಪು ಪ್ರಿಂಟಾಗ್ಬುಟ್ರೆ ನಾನ್ ಜವಾಬ್ದಾರಿ ಅಲ್ಲ, ನೋಡ್ಕಳಿ” ಅಂದರು. ತಪ್ಪಿಲ್ಲ, ಹಾಗೇ ಹಾಕಿ ಅಂದೆ. ಅತ್ತೆ ಮತ್ತು ನಾನು ಮೂರು ಮಧ್ಯಾಹ್ನ ಕೂತು ಹಳೆಯ ಸಾಲುಗಳ ಮೇಲೆ ಅದನ್ನು ಅಂಟಿಸಿದೆವು. ಬೆಣ್ಣೆ ಕಾಗದದ ಪೊಟ್ಟಣಗಳನ್ನು ಬಿಚ್ಚಿ ಪುರಿಯನ್ನು ರಾಶಿಗೆ ಸುರಿದೆವು. ಸೇರು ಗೂಡಿನಿಂದ ಕೆಳಗಿಳಿಯಿತು. ಪ್ಯಾಕೆಟ್ಟು ಬೇಕಾದವರಿಗೆ ಪ್ಯಾಕೆಟ್ಟು, ಬಿಡಿ ಬೇಕಾದವರಿಗೆ ಸೇರು.

ಮೊದಲು ಯಾರೂ ಕೇಳಲಿಲ್ಲ. ಓದುತ್ತಿದ್ದರು, ಸಣ್ಣಗೆ ನಕ್ಕು ಹೋಗುತ್ತಿದ್ದರು. ಒಂದು ಸೋಮವಾರ ಕಾರಿನಿಂದಿಳಿದ ಇಸ್ತ್ರಿ ಅಂಗಿಯ ಗಂಡಸೊಬ್ಬರು ಪ್ಯಾಕೆಟ್ಟು ಕೊಂಡು, ಅತ್ತ ಇತ್ತ ನೋಡಿ, “ಅಮ್ಮಾ, ಕೇಳಿದ್ರೆ ಬೈತೀರಂತೆ?” ಅಂದರು.

ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿದರು. “ಕೇಳಿ ನೋಡಿ.”

“ಒಂದು ಹಿಡಿ ಕೊಸರು ಹಾಕಿ.”

“ಯಾಕೆ, ನಿಮ್ಮಪ್ಪ ನೆಟ್ಟಿದ್ದ ಭತ್ತನಾ? ಕಾರ್ ಬೇರೆ ಇಟ್ಕೊಂಡವ್ರೆ! ಬೆಂಕಿ ಮುಂದೆ ಕೂತು ನಾನು ಬೇಯ್ತೀನಿ, ಇವರಿಗೆ ಪುಕ್ಕಟೆ ಬೇಕಂತೆ. ಹಿಡೀರಿ ಕೈನ!”

ಸಾಲಿನಲ್ಲಿದ್ದವರೆಲ್ಲ ನಕ್ಕುಬಿಟ್ಟರು. ಆ ಮನುಷ್ಯ ಎರಡೂ ಕೈ ಜೋಡಿಸಿ ಬೊಗಸೆ ಒಡ್ಡಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಮುಂದಿನ ಹುಣ್ಣಿಮೆಗೆ ಅವರು ತಮ್ಮ ಅಣ್ಣನನ್ನು ಕರೆದುಕೊಂಡು ಬಂದರು. “ಇವನಿಗೂ ಸ್ವಲ್ಪ ಬೈಯಿರಿ ಅಮ್ಮಾ” ಎಂದರು.

ವ್ಯಾಪಾರ ಕುದುರಿದ್ದು ನಿಜ. ಅತ್ತೆಯ ಮುಖ ಮಾತ್ರ ತಿಳಿಯಾಗಲಿಲ್ಲ. ಬೈದು ಬೈದು ನಗಿಸಿ, ಗಿರಾಕಿಗಳು ಹೋದ ಮೇಲೆ ಬಸ್‌ಸ್ಟ್ಯಾಂಡಿನ ದಿಕ್ಕಿಗೆ ನೋಡುತ್ತ ಕೂರುವರು. ಯುಗಾದಿಗೆ ಎರಡು ವಾರವಿತ್ತು. ಭಟ್ಟಿಗೆ ಹೊಟ್ಟು ತಂದು ಹಾಕುವವನಿಗೆ ಮುಂದಿನ ತಿಂಗಳ ಲೋಡು ಬೇಡ ಎಂದು ಅತ್ತೆ ಹೇಳಿಕಳಿಸಿದ್ದು ನನಗೆ ಆಮೇಲೆ ಗೊತ್ತಾಯಿತು.

ಅಜ್ಜಿ ಬಂದ ದಿನ ಅಂಗಡಿಯ ಮುಂದೆ ನಾನಿದ್ದೆ, ಅತ್ತೆ ಒಳಗೆ ಭಟ್ಟಿಯ ಮಬ್ಬಿನಲ್ಲಿದ್ದರು. ಬುಧವಾರವಿರಬೇಕು. ದಿನಚರಿಯಲ್ಲಿ ಗುರುವಾರದ ಪುಟದಲ್ಲಿದೆ. ಎರಡು ಖಾಲಿ ಚೀಲ ಮಡಿಚಿ ಕಂಕುಳಲ್ಲಿಟ್ಟುಕೊಂಡು ಅಜ್ಜಿ ಮೆಟ್ಟಿಲು ಹತ್ತಿದರು. ಗೋಡೆಗೆ ಒರಗಿಸಿಟ್ಟಿದ್ದ ಪ್ಯಾಕೆಟ್ಟಿನ ಮೇಲೆ ಬೆರಳಾಡಿಸಿ, “ಬಸ್ಸಲ್ಲಿ ಯಾರೋ ತಕಂಡೋಯ್ತಿದ್ರು, ಕಂಡಕ್ಟ್ರು ಓದ್ದ. ಅಂಗೇ ಬರ್ದಿದ್ದೀಯ” ಅಂದರು. “ಅಳಿ.”

ನಾನು ಸೇರು ಹಿಡಿದು ಅಳೆದೆ. ಲಾಭ, ಎರಡು, ಮೂರು. ಎರಡೂ ಮೂಟೆ ತುಂಬಿದವು.

“ಕೊಸರು ಆಕು.”

ನಾನು ತಡಮಾಡದೆ ಎರಡು ಬೊಗಸೆ ತುಂಬಿ ಹಾಕಿದೆ. ಇಷ್ಟು ದಿನದ ಸಂಕಟವೆಲ್ಲ ಆ ಬೊಗಸೆಯಲ್ಲಿತ್ತು. ಅಜ್ಜಿ ಮೂಟೆಯೊಳಗೆ ಕೈಹಾಕಿ ಅಷ್ಟನ್ನೂ ತೆಗೆದು ರಾಶಿಗೆ ವಾಪಸು ಎಸೆದರು.

“ಬರ್ದೋಳೇ ನೀನು, ಏನ್ ಬರ್ದಿದ್ದೀಯ ಅಂತ ಗೊತ್ತಿಲ್ವಾ? ಬೈಯಿ.”

“ನಿಮಗೆ ಹೇಗೆ ಬೈಲಿ ಅಜ್ಜಿ…”

“ನಾನ್ ಓಯ್ತೀನಿ ಅಂಗಾರೆ.”

“ಆಗಲ್ಲ. ಕೊಸರು ಹಾಕಕ್ಕೆ ಆಗಲ್ಲ” ಅಂದೆ.

“ತೂ! ಬ್ಯಾಂಕ್ನೋರು ಮಾತಾಡ್ದಂಗ್ ಅದೆ. ನಿಮ್ ತಾತಂದು ಒಂದ್ ತೊಟ್ಟು ರಕ್ತನಾದ್ರೂ ಅದಾ ಇಲ್ವಾ ನಿನ್ನಲ್ಲಿ?”

ನನಗೆ ಏನಾಯಿತೋ. “ವಾರಗಟ್ಲೆ ಮುಖ ತೋರಿಸಿಲ್ಲ, ಬೇರೆ ಭಟ್ಟಿ ಪುರಿ ಹೊತ್ಕೊಂಡು ಊರೂರು ತಿರುಗಿದ್ದೀಯ, ಈಗ ಬಂದು ಕೊಸರು ಬೇರೆ ಬೇಕಾ ನಿನಗೆ?” ಎಂದುಬಿಟ್ಟೆ. ಹುಟ್ಟಿದಾಗಿನಿಂದ ದೊಡ್ಡವರನ್ನು ಏಕವಚನದಲ್ಲಿ ಕರೆದವಳಲ್ಲ. ಕಿವಿ ಕಾದುಹೋಯಿತು.

ಅಜ್ಜಿ ಬಾಯಿಗೆ ಸೆರಗು ಹಿಡಿದು ನಕ್ಕರು. ಉತ್ತರ ಕೊಡುವಷ್ಟರಲ್ಲಿ ಒಳಗಿನ ಬಿಳಿ ಹೊಗೆಯಿಂದ ಅತ್ತೆಯ ದನಿ ಬಂತು. “ಹಾಕಬೇಡ ಕಣೇ! ಒಂದು ಕಾಳು ಹಾಕಬೇಡ ಆ ಯಮ್ಮನಿಗೆ! ನಾನಿಲ್ಲಿ ಪ್ರತಿ ವಾರ ಎರಡೆರಡು ಮೂಟೆ ಹುರಿದಿಟ್ಟು ಬಾಗಿಲು ಕಾಯ್ದಿದ್ದೀನಿ, ಗೊತ್ತಾ ಅವಳಿಗೆ?”

“ಯಾರು ಕಾಯಿ ಅಂದ್ರು ನಿಂಗೆ? ನಿಮ್ಮಪ್ಪನ್ ಜುಗ್ಗತನ ಮುಚ್ಚಾಕಕ್ಕೆ ಪ್ಯಾಕೆಟ್ ಮಾಡ್ಸ್ದೋಳು ನೀನು!” ಅಜ್ಜಿ ಮೂಟೆ ಅಲ್ಲೇ ಬಿಟ್ಟು ಒಳಗೆ ನುಗ್ಗಿದರು.

ನಾನು ಬಾಗಿಲಲ್ಲಿ ನಿಂತು ನೋಡಿದೆ. ಹೊಗೆಯಲ್ಲಿ ಎರಡು ಆಕಾರಗಳು ಮಾತ್ರ ಕಾಣುತ್ತಿದ್ದವು. ಒಂದು ಕೈ ಇನ್ನೊಂದರ ಭುಜದ ಮೇಲಿತ್ತೋ, ಗದರಿಸಲು ಎತ್ತಿತ್ತೋ ತಿಳಿಯಲಿಲ್ಲ. ಅತ್ತೆ ಒಲೆಯ ಬಾಯಿಗೆ ಹೊಟ್ಟು ತುಂಬುತ್ತ, “ಕೂತ್ಕೊ, ಇನ್ನೊಂದು ಬಾಣಲೆ ಹುರೀತೀನಿ” ಅಂದರು.

“ಬಸ್ ಓಯ್ತದೆ.”

“ಹೋಗ್ಲಿ ಬಿಡು.”

ಅಕ್ಕಿ ಮರಳಿಗೆ ಬಿತ್ತು. ಇಬ್ಬರೂ ಸೇರಿ ತಾತನನ್ನು ಬೈಯಲು ಶುರುಮಾಡಿದರು. ಅವರ ಅಂಗಿಗೆ ಎಷ್ಟು ತೇಪೆ ಇದ್ದವು, ಕನ್ನಡಕದ ಒಂದು ಕಡ್ಡಿ ಮುರಿದು ದಾರ ಕಟ್ಟಿಕೊಂಡಿದ್ದರೋ ಇಲ್ಲವೋ ಎಂಬುದರ ಮೇಲೆ ಅವರವರಲ್ಲೇ ಜಗಳ ಹತ್ತಿತು. ಅತ್ತೆ ದಾರ ಅಂದರು, ಅಜ್ಜಿ ತಂತಿ ಅಂದರು. ನಾನು ಹೊರಗೆ ಬಂದು ಹೊಟ್ಟಿನವನಿಗೆ ಫೋನು ಮಾಡಿ, ಲೋಡು ಬರಲಿ ಎಂದು ಹೇಳಿದೆ. ಹನ್ನೊಂದರ ಬಸ್ಸು ಹೋಯಿತು. ಒಂದೂವರೆಯದೂ ಹೋಯಿತು.